ಅಟ್ಟದ ಮೇಲಿನ ವೀರರು

ನವರಾತ್ರಿಯಲ್ಲಿ ಗೊಂಬೆ ನೋಡಲು ಬರುವ ಹೆಂಗಸರು ನಮ್ಮ ಮನೆಯ ಮೇಲಿನ ಮೆಟ್ಟಿಲಲ್ಲಿರುವ ಪಟ್ಟದ ಗೊಂಬೆಗೆ ಕೈಮುಗಿಯುತ್ತಾರೆ, ನಡುವಿನ ಶೆಟ್ಟರ ಅಂಗಡಿಯನ್ನು ನೋಡಿ ನಗುತ್ತಾರೆ, ಕೊನೆಯ ಮೆಟ್ಟಿಲಿಗೆ ಬರುತ್ತಲೂ ಸುಮ್ಮನಾಗಿಬಿಡುತ್ತಾರೆ. ಮುಖ ಮುರಿಯಬಾರದೆಂದು ಕೆಲವರು ಏನೂ ಹೇಳುವುದಿಲ್ಲ. ಸಲಿಗೆಯಿದ್ದವರು ಮಾತ್ರ, "ಇದೇನ್ರೀ, ಗುಜರಿ ಸಾಮಾನೆಲ್ಲ ಗೊಂಬೆ ಜೊತೆ ಇಟ್ಟಿದ್ದೀರಲ್ಲ!" ಎಂದು ಕೇಳಿಯೇ ಕೇಳುತ್ತಾರೆ.

ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಆ ಮೆಟ್ಟಿಲಿನ ಮೇಲಿರುವುದು ಏನೆಂದು ನೀವೇ ನೋಡಿ. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಚೀಟಿ ಅಂಟಿಸಿಕೊಂಡು ಬರುತ್ತಿದ್ದ ರೇಡಿಯೊ ಲೈಸೆನ್ಸ್ ಪುಸ್ತಕ. ಡಯನೋರಾ ಟೀವಿಯ ಚಾನೆಲ್ ತಿರುಗಿಸುವ ಗುಂಡಿ. ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ಬಂದ ಹಾಗೆ ಕಾಣಲೆಂದು ಪರದೆಯ ಮುಂದೆ ಕಟ್ಟುತ್ತಿದ್ದ ನೀಲಿ ಹಾಳೆ. ತಗಡಿನ ಕೇಪಿನ ಪಿಸ್ತೂಲು, ಒಂದು ಪ್ಲಾಸ್ಟಿಕ್ ಗದೆ, ಬೆಳ್ಳಿಬಣ್ಣ ಬಳಿದ ಮರದ ಕತ್ತಿ, ಫ್ಯಾಂಟಮ್ ಸಿಹಿ ಸಿಗರೇಟಿನ ಖಾಲಿ ಪೆಟ್ಟಿಗೆ, ರಾಮ ಸೀತೆಯರ ಪಾತ್ರ ಮಾಡಿದ ಅರುಣ್ ಗೋವಿಲ್ ಮತ್ತು ದೀಪಿಕಾ ಅವರ ಚಿತ್ರವಿರುವ ಕ್ಯಾಲೆಂಡರಿನ ಹಾಳೆ. ಇವುಗಳ ನಡುವೆ ಬೇಗಡೆ ಕಾಗದ ಸುತ್ತಿದ ಒಂದು ಬಿದಿರಿನ ಬಿಲ್ಲು. ಈ ಬರಹ ಮುಖ್ಯವಾಗಿ ಆ ಬಿಲ್ಲಿನದು. ಆದರೆ ಅಲ್ಲಿಗೆ ಹೋಗುವ ಮುಂಚೆ ಉಳಿದ ಸಾಮಾನುಗಳ ಕಥೆಯನ್ನೂ ಹೇಳಬೇಕು.

ತಂದೆ ತೀರಿಕೊಂಡು ಹೊಳೆನರಸೀಪುರದ ಮನೆಯನ್ನು ಖಾಲಿ ಮಾಡುವಾಗ ಅಟ್ಟದ ಮೇಲೆ ಎರಡು ಗೋಣಿಚೀಲ ಆಟದ ಸಾಮಾನು ಸಿಕ್ಕವು. ಅಣ್ಣತಮ್ಮಂದಿರು ಪಾತ್ರೆ, ಪೆಟ್ಟಿಗೆ, ಮಂಚಗಳ ಲೆಕ್ಕ ಹಾಕುತ್ತಿದ್ದಾಗ ನಾನು ಆ ಚೀಲಗಳನ್ನು ಕೇಳಿದೆ. ಯಾರೂ ತಕರಾರು ಮಾಡಲಿಲ್ಲ. ಹಾಸನಕ್ಕೆ ತಂದ ಮೇಲೆ ಹುಚ್ಚು ಹೆಚ್ಚಿತು. ಅರಕಲಗೂಡಿನಲ್ಲಿರುವ ಅಕ್ಕನ ಮನೆಗೆ ಹೋದರೆ ಅವಳ ಓರಗಿತ್ತಿಯ ಅಟ್ಟ, ಚನ್ನರಾಯಪಟ್ಟಣದ ಸೋದರತ್ತೆಯ ಮನೆಗೆ ಹೋದರೆ ಪಕ್ಕದವರ ಕೊಟ್ಟಿಗೆ, ಹೀಗೆ ಕೇಳಿ ಕೇಳಿ ತಂದೆ. "ಗುಜರಿಯವನು ಬಂದರೆ ಹಾಕಲು ಏನೂ ಉಳಿದಿಲ್ಲ, ನಮ್ಮ ಮನೆಯಲ್ಲೇ ಒಬ್ಬರು ಕೊಳ್ಳುವವರಿದ್ದಾರೆ" ಎಂಬುದು ನಮ್ಮ ಯಜಮಾನರ ಹಳೆಯ ತಮಾಷೆ.

ಸೋದರತ್ತೆಯ ಊರಿನಿಂದ ಬೊಂಬೆ ತಂದೆನೆಂದರೆ ಮೈಸೂರಿನ ಕಡೆಯವರು ತಲೆದೂಗುತ್ತಾರೆ. ಅವರು ತಿಳಿದದ್ದು ಚನ್ನಪಟ್ಟಣ. ಹಾಲೆಮರದ ತುಂಡನ್ನು ಚರಕಿಗೆ ಹಾಕಿ ತಿರುಗಿಸಿ, ಬಣ್ಣದ ಅರಗನ್ನು ಒತ್ತಿ ಮಾಡುವ ಆ ಬೊಂಬೆಗಳು ರಾಮನಗರದ ಕಡೆಯವು. ಚನ್ನರಾಯಪಟ್ಟಣ ನಮ್ಮ ಜಿಲ್ಲೆಯ, ಶ್ರವಣಬೆಳಗೊಳ ಸೇರಿರುವ ತಾಲ್ಲೂಕಿನ ಊರು. ನಾವು ಚಿಕ್ಕವರಿದ್ದಾಗ ಚನ್ನಪಟ್ಟಣದ ಬೊಂಬೆಗಳೂ ನಮಗೆ ಸಿಗುತ್ತಿದ್ದುದು ಜಾತ್ರೆಯಲ್ಲಿಯೇ. ರಾಮನಾಥಪುರದ ಜಾತ್ರೆಗೆ ಹೋದರೆ ಹೆಣ್ಣುಮಕ್ಕಳಿಗೆ ಅಡುಗೆ ಸೆಟ್ಟು, ಗಂಡುಮಕ್ಕಳಿಗೆ ಬುಗುರಿ, ತುತ್ತೂರಿ. ವೀರರೆಂದರೆ ಯಕ್ಷಗಾನದವರು, ಹರಿಕಥೆಯವರು, ಡಾ. ರಾಜ್‌ಕುಮಾರ್. ಅವರ ಬೊಂಬೆ ಯಾರೂ ಮಾರುತ್ತಿರಲಿಲ್ಲ. ವೀರನನ್ನು ಅಂಗಡಿಯಲ್ಲಿ ಕೊಳ್ಳಬಹುದು ಎಂಬುದನ್ನು ನಮ್ಮ ಕಡೆಯ ಮಕ್ಕಳಿಗೆ ಕಲಿಸಿದ್ದು ಟೀವಿ.

ಆ ಟೀವಿಯ ಚರಿತ್ರೆಯಲ್ಲಿ ನಮ್ಮ ಹಾಸನಕ್ಕೆ ಒಂದು ಪಾಲಿದೆ. ಬಹಳ ಜನ ಅದನ್ನು ಮರೆತಿದ್ದಾರೆ. ಸಾಲಗಾಮೆ ರಸ್ತೆಯಲ್ಲಿ ಬಾಣಲೆಯಂಥ ದೊಡ್ಡ ದೊಡ್ಡ ಆಂಟೆನಾಗಳಿರುವ ಇಸ್ರೋದ ಕೇಂದ್ರವನ್ನು ನೀವು ಕಂಡಿರಬಹುದು. ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುವುದಕ್ಕೆಂದು 1982ರಲ್ಲಿ ಸ್ಥಾಪನೆಯಾದ ಮುಖ್ಯ ನಿಯಂತ್ರಣ ಕೇಂದ್ರ ಅದು. ಮೊದಲನೆಯ ಇನ್ಸಾಟ್ 1ಎ ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿ ಸೆಪ್ಟೆಂಬರ್ ಹೊತ್ತಿಗೆ ಕೆಟ್ಟಿತು. 1983ರ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್ 1ಬಿ ಕೈಹಿಡಿಯಿತು. ದೆಹಲಿಯ ಕಾರ್ಯಕ್ರಮ ಆಕಾಶಕ್ಕೆ ಏರಿ, ಅಲ್ಲಿಂದ ಊರೂರಿನ ಸಣ್ಣ ಪ್ರಸಾರ ಕೇಂದ್ರಗಳಿಗೆ ಇಳಿಯತೊಡಗಿದ್ದು ಆ ಉಪಗ್ರಹದಿಂದ. 1984ರಲ್ಲಂತೂ ದೇಶದಲ್ಲಿ ಇಂಥ ಕೇಂದ್ರಗಳು ಒಂದರ ಹಿಂದೆ ಒಂದು ತೆರೆದವು. ಆ ವರ್ಷ ಜುಲೈನಲ್ಲಿ 'ಹಮ್ ಲೋಗ್' ಶುರುವಾಯಿತು. ರೇಡಿಯೊ, ಟೀವಿ ಲೈಸೆನ್ಸೂ ಆ ದಶಕದ ನಡುವಿನಲ್ಲಿ ರದ್ದಾಗಿ, ನನ್ನ ಮೆಟ್ಟಿಲಿನ ಮೇಲಿರುವ ಪುಸ್ತಕ ಬರೀ ಕಾಗದವಾಯಿತು.

ದೇಶದ ಟೀವಿಯ ಉಪಗ್ರಹ ಅತ್ತಿತ್ತ ಸರಿಯದ ಹಾಗೆ ಹಾಸನದಲ್ಲಿ ಕುಳಿತು ಕಾಯುತ್ತಿದ್ದಾಗ, ಅಲ್ಲಿಂದ ಒಂದು ಗಂಟೆ ದೂರದ ನಮ್ಮ ಮನೆಯ ಮಾಡಿನ ಮೇಲೆ ತಮ್ಮ ಬಿದಿರಿಗೆ ಕಟ್ಟಿದ ಆಂಟೆನಾ ಹಿಡಿದುಕೊಂಡು "ಬಂತಾ?" ಎಂದು ಕೂಗುತ್ತಿದ್ದ. ಒಳಗಿನಿಂದ ನಾವು, "ಬಂತು, ಹೋಯ್ತು, ಸ್ವಲ್ಪ ಆ ಕಡೆ" ಎನ್ನುತ್ತಿದ್ದೆವು. ಮೇಷ್ಟರಾಗಿದ್ದ ತಂದೆ ಸಾಲ ಮಾಡಿ 1986ರಲ್ಲಿ ತಂದ ಪೆಟ್ಟಿಗೆ ಅದು. ನಮ್ಮ ಬೀದಿಗೆ ಎರಡನೆಯದು.

1987ರ ಜನವರಿ 25ರಂದು ರಮಾನಂದ ಸಾಗರ್ ಅವರ ರಾಮಾಯಣ ಶುರುವಾಯಿತು. ಭಾನುವಾರ ಬೆಳಗ್ಗೆ ಒಂಬತ್ತೂವರೆ. ಅದು 1988ರ ಜುಲೈ 31ರಂದು ಮುಗಿಯುವವರೆಗೆ ನಮ್ಮ ಅಮ್ಮ ಭಾನುವಾರದ ತಿಂಡಿಗೆ ಉಪ್ಪಿಟ್ಟು ಬಿಟ್ಟು ಬೇರೆ ಮಾಡಲಿಲ್ಲ, ಬೇಗ ಆಗುತ್ತದೆಂದು. ಅಜ್ಜಿಗೆ ಹಿಂದಿಯ ಒಂದಕ್ಷರ ಬಾರದು. ಆದರೂ ಮುಂದಿನ ಮಾತನ್ನು ಅವರೇ ಮೊದಲು ಹೇಳಿಬಿಡುತ್ತಿದ್ದರು, ಕಥೆ ಗೊತ್ತಿತ್ತಲ್ಲ. ಟೀವಿಗೆ ಹೂ ಮುಡಿಸಿ ಊದುಬತ್ತಿ ಹಚ್ಚುತ್ತಿದ್ದ ಮನೆಗಳನ್ನು ನಾನು ಹೊಳೆನರಸೀಪುರದಲ್ಲೂ ಕಂಡಿದ್ದೇನೆ, ಅರಕಲಗೂಡಿನಲ್ಲೂ ಕಂಡಿದ್ದೇನೆ.

ಬೀದಿಯವರೆಲ್ಲ ಬರುತ್ತಿದ್ದರು. ಗಂಡಸರಿಗೆ ಕುರ್ಚಿ, ಅಜ್ಜಿಗೆ ಮಣೆ, ಹೆಂಗಸರಿಗೆ ದೊಡ್ಡ ಚಾಪೆ, ಮಕ್ಕಳು ಬರಿನೆಲದ ಮೇಲೆ ಟೀವಿಯ ಕಾಲಬುಡಕ್ಕೆ. ಇನ್ನು ಕೆಲವರು ಜಗಲಿಯ ಮೇಲೆ ನಿಂತು ಕಿಟಕಿಯಿಂದ ನೋಡುತ್ತಿದ್ದರು. ಅವರು ಏಕೆ ಒಳಗೆ ಬರುವುದಿಲ್ಲವೆಂದು ನಾನು ಕೇಳಲಿಲ್ಲ. ನಮ್ಮದು ಮಡಿಯ ಮನೆ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದು ಹೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಕೆಲವೇ ತಿಂಗಳಲ್ಲಿ ಸಂತೆಗೆ ಬಿಲ್ಲುಬಾಣ, ಗದೆಗಳು ಬಂದವು. 1988ರ ಅಕ್ಟೋಬರ್‌ನಲ್ಲಿ ಮಹಾಭಾರತ ಶುರುವಾದ ಮೇಲೆ ಚಕ್ರವೂ ಬಂತು. ನಿಜವಾದ ವೀರ ಯಾರೆಂದು ಹುಡುಗರು ಹೊಡೆದಾಡಿಕೊಳ್ಳುತ್ತಿದ್ದರು. ಹೆಣ್ಣುಮಕ್ಕಳಿಗೆಂದು ಏನೂ ಬರಲಿಲ್ಲ. ಸೀತೆಯ ಬೊಂಬೆಯಾಗಲಿ ದ್ರೌಪದಿಯದಾಗಲಿ ನನಗೆ ಯಾವ ಅಟ್ಟದಲ್ಲೂ ಸಿಕ್ಕಿಲ್ಲ. ಅವರು ಕ್ಯಾಲೆಂಡರಿನಲ್ಲಿ ಮಾತ್ರ ಇದ್ದರು.

ಇದೇನೂ ನಮ್ಮಲ್ಲೇ ಮೊದಲು ನಡೆದದ್ದಲ್ಲ. ಅಮೆರಿಕದಲ್ಲಿ 1954ರ ಡಿಸೆಂಬರ್‌ನಲ್ಲಿ ವಾಲ್ಟ್ ಡಿಸ್ನಿಯವರು ಡೇವಿ ಕ್ರಾಕೆಟ್ ಎಂಬ ಗಡಿನಾಡಿನ ಬೇಟೆಗಾರನ ಕಥೆಯನ್ನು ಟೀವಿಯಲ್ಲಿ ತೋರಿಸಿದರು. ಮೊದಲಿಗೆ ಮೂರೇ ಕಂತು. ಅಷ್ಟಕ್ಕೇ ಅಲ್ಲಿನ ಮಕ್ಕಳೆಲ್ಲ ರಕೂನ್ ಎಂಬ ಕಾಡುಪ್ರಾಣಿಯ ಬಾಲ ಜೋತುಬಿದ್ದ ತುಪ್ಪಳದ ಟೋಪಿ ಬೇಕೆಂದು ಹಟ ಹಿಡಿದರು. ಟೋಪಿ, ಆಟದ ಬಂದೂಕು, ಊಟದ ಡಬ್ಬಿ, ಎಲ್ಲದರ ಮೇಲೂ ಅವನೇ. ಆ ಸಾಮಾನುಗಳನ್ನು ಹುಡುಕಿ ಕೂಡಿಡುವವರು ಅಲ್ಲಿ ಇಂದಿಗೂ ಇದ್ದಾರೆ. ನಿಜವಾದ ಕ್ರಾಕೆಟ್ 1836ರಲ್ಲಿ ಟೆಕ್ಸಾಸಿನ ಅಲಾಮೊ ಎಂಬ ಕೋಟೆಯಲ್ಲಿ ಸತ್ತ. ಹೋರಾಡುತ್ತಾ ಸತ್ತನೋ ಸೆರೆಸಿಕ್ಕು ಸತ್ತನೋ ಎಂದು ಪಂಡಿತರು ಇನ್ನೂ ವಾದ ಮಾಡುತ್ತಿದ್ದಾರೆ. ಟೋಪಿ ಹಾಕಿಕೊಂಡ ಮಕ್ಕಳಿಗೆ ಆ ಸಂಶಯವಿರಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಟಿಪ್ಪು ಸುಲ್ತಾನ್ ಧಾರಾವಾಹಿ. ಟಿಪ್ಪುವೂ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಸತ್ತವನು. ನಮ್ಮ ಜಿಲ್ಲೆಯ ಅಂಚಿನಲ್ಲಿ, ಮಂಗಳೂರಿಗೆ ಇಳಿಯುವ ಘಟ್ಟದ ದಾರಿ ಕಾಯಲೆಂದು ಸಕಲೇಶಪುರದ ಹತ್ತಿರ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದವನೂ ಅವನೇ. ಶಾಲೆಯಿಂದ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿ ಸಂಜಯ್ ಖಾನ್ ತೆಗೆದ ಧಾರಾವಾಹಿ 1990ರಲ್ಲಿ ದೂರದರ್ಶನಕ್ಕೆ ಬಂತು. ಟಿಪ್ಪುವಿನ ಬಗ್ಗೆ ವಾದಗಳು ಆಗಲೂ ಇದ್ದವು. ಇದು ಕಾದಂಬರಿಯ ಕಥೆಯೇ ಹೊರತು ಚರಿತ್ರೆಯಲ್ಲವೆಂಬ ಹೇಳಿಕೆಯನ್ನು ಅದರ ಜೊತೆಗೆ ಹಾಕುತ್ತಿದ್ದರು. ಅದನ್ನು ಯಾರು ಓದುತ್ತಿದ್ದರು? ನಮ್ಮ ಮನೆಯಿಂದ ಎರಡೂವರೆ ಗಂಟೆಯ ಬಸ್ಸಿನ ದಾರಿಯಲ್ಲಿರುವ ಶ್ರೀರಂಗಪಟ್ಟಣದ ಕಥೆ ದೆಹಲಿಗೆ ಹೋಗಿ, ಆಕಾಶಕ್ಕೆ ಏರಿ, ಹಿಂದಿ ಕಲಿತುಕೊಂಡು ನಮ್ಮ ಪಡಸಾಲೆಗೆ ಮರಳಿ ಬಂದಿತ್ತು. ಆ ವರ್ಷದ ಜಾತ್ರೆಯಲ್ಲಿ ಮರದ ಕತ್ತಿಗಳಿಗೆ ಬಹಳ ಗಿರಾಕಿ.

ನನ್ನ ಮೆಟ್ಟಿಲಿನ ಕತ್ತಿ ಅರಕಲಗೂಡಿನಲ್ಲಿ ಸಿಕ್ಕಿದ್ದು. ಅದರ ಪಕ್ಕದಲ್ಲಿ ಒಂದು ಹಳೆಯ ಪತ್ರಿಕೆಯ ತುಣುಕನ್ನೂ ಇಟ್ಟಿದ್ದೇನೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ ಈ ಧಾರಾವಾಹಿಯ ಚಿತ್ರೀಕರಣದ ಸಮಯದಲ್ಲಿ ಬೆಂಕಿ ಬಿತ್ತು. ಅರವತ್ತೆರಡು ಜನ ಸತ್ತರು. ಸಂಜಯ್ ಖಾನರೂ ಮೈಯೆಲ್ಲ ಸುಟ್ಟುಕೊಂಡು ಎಷ್ಟೋ ತಿಂಗಳು ಆಸ್ಪತ್ರೆಯಲ್ಲಿದ್ದರು. ನಾವು ಧಾರಾವಾಹಿ ನೋಡುವಾಗ ಬಣ್ಣದ ಪೋಷಾಕು, ಆನೆ ಕುದುರೆ ನೋಡಿದೆವು. ಆ ಅರವತ್ತೆರಡು ಮನೆಗಳವರು ಅದನ್ನು ಹೇಗೆ ನೋಡಿದರೋ.

ಟಿಪ್ಪುವಿನ ಹತ್ತಿರವೂ ಒಂದು ಆಟದ ಸಾಮಾನಿತ್ತು. ಮರದ ಹುಲಿಯೊಂದು ಬಿಳಿಯ ಸಿಪಾಯಿಯ ಮೇಲೆ ಬಿದ್ದಿದೆ. ಹಿಡಿ ತಿರುಗಿಸಿದರೆ ಸಿಪಾಯಿ ಕೈ ಎತ್ತಿ ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಹೊಟ್ಟೆಯೊಳಗೆ ಪುಟ್ಟ ಹಾರ್ಮೋನಿಯಂನಂಥ ವಾದ್ಯವಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅದನ್ನು ಲಂಡನ್ನಿಗೆ ಸಾಗಿಸಿದರು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯವರು ಜನರಿಗೆ ತೋರಿಸಿದರು. 1880ರಿಂದ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಟಿಪ್ಪುವಿನ ಕತ್ತಿಯೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಕೂಡಿಡುವ ಚಟ ದೊಡ್ಡವರಿಗೂ ಇದೆಯೆಂದು ನಮ್ಮ ಯಜಮಾನರಿಗೆ ಹೇಳಲು ಈ ಸುದ್ದಿ ನನಗೆ ಒದಗಿಬಂತು. ಆದರೆ ಇನ್ನೊಬ್ಬರ ಆಟದ ಸಾಮಾನನ್ನು ತಂದು ಮೆಟ್ಟಿಲ ಮೇಲಿಟ್ಟುಕೊಂಡು ಬಂದವರಿಗೆ ತೋರಿಸುವವರಲ್ಲಿ ನಾನೂ ಒಬ್ಬಳು ಎಂಬುದು ಅಷ್ಟರಲ್ಲಾಗಲೇ ನನಗೆ ತಿಳಿದಿತ್ತು. ಅದು ತಿಳಿದ ಬಗೆ ಹೀಗೆ.

ಪ್ರತಿ ಸಾಮಾನಿನ ಮುಂದೆ ನಾನೊಂದು ಚೀಟಿ ಇಡುತ್ತೇನೆ. ಯಾವ ಊರಿನದು, ಯಾವ ವರ್ಷದ್ದು, ಯಾರದು ಎಂದು. ವರ್ಷವನ್ನು ನಿರ್ಧರಿಸುವುದಕ್ಕೆ ಹೆಂಗಸರಷ್ಟು ಒಳ್ಳೆಯ ಸಾಕ್ಷಿಗಳು ಬೇರೆ ಇಲ್ಲ. ಗಂಡಸರನ್ನು ಕೇಳಿದರೆ "ಎಂಬತ್ತೈದೋ ಎಂಬತ್ತೆಂಟೋ" ಎನ್ನುತ್ತಾರೆ. ಹೆಂಗಸರು, "ದೊಡ್ಡವಳು ಹೊಟ್ಟೆಯಲ್ಲಿದ್ದಾಗ ತಂದದ್ದು, ಆಗ ನನಗೆ ಆರು ತಿಂಗಳು" ಎನ್ನುತ್ತಾರೆ. ಮಗಳ ಹುಟ್ಟಿದ ದಿನ ಕೇಳಿದರೆ ಸಾಮಾನಿನ ವರ್ಷ ಸಿಕ್ಕಿತು. ಬಿಲ್ಲಿನ ವಿಷಯದಲ್ಲಿ ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ. ನಮ್ಮದೇ ಅಟ್ಟದಲ್ಲಿ ಸಿಕ್ಕಿದ್ದು, ತಮ್ಮ ಅದನ್ನು ಹಿಡಿದು ಆಡಿದ್ದನ್ನು ಕಂಡಿದ್ದೇನೆ, ಇನ್ನೇನು ಕೇಳುವುದು? "ತಮ್ಮನ ಬಿಲ್ಲು, ಹೊಳೆನರಸೀಪುರ, 1987" ಎಂದು ಬರೆದಿಟ್ಟಿದ್ದೆ.

2022ರ ನವರಾತ್ರಿಯಲ್ಲಿ ಗೊಂಬೆಯ ಮುಂದಿನ ದೀಪದ ಸರ ಕೆಟ್ಟು ಮನೆಯ ಕರೆಂಟೇ ಹೋಯಿತು. ಯಜಮಾನರು ವೈರಿಂಗ್ ಕೆಲಸದವರೊಬ್ಬರನ್ನು ಕರೆತಂದರು. ನಲವತ್ತೈದರ ಆಸುಪಾಸಿನ ಮನುಷ್ಯ. ಕೆಲಸ ಮುಗಿಸಿ ದುಡ್ಡಿಗೆ ನಿಂತಾಗ ಗೋಡೆಯ ಮೇಲಿದ್ದ ತಂದೆಯ ಫೋಟೊ ನೋಡಿ, "ಇವ್ರು ಹೊಳೆನರಸೀಪುರದ ಮೇಷ್ಟ್ರಲ್ವಾ?" ಎಂದರು. ನಾನು ಹೌದೆಂದೆ. "ನಮ್ಮವ್ವ ನಿಮ್ಮನೇಲಿ ಕೆಲಸ ಮಾಡ್ತಿದ್ಲು ಅಕ್ಕ" ಎಂದು ತಾಯಿಯ ಹೆಸರು ಹೇಳಿದರು. ಆ ಹೆಸರು ನನಗೆ ಚೆನ್ನಾಗಿ ನೆನಪಿತ್ತು. ಹಿತ್ತಿಲಲ್ಲಿ ಅಮ್ಮನ ಸೆರಗು ಹಿಡಿದು ನಿಲ್ಲುತ್ತಿದ್ದ ಹುಡುಗನೂ ನೆನಪಾದ. ಅವನ ಹೆಸರು ನೆನಪಾಗಲಿಲ್ಲ. ಕೇಳಿ ತಿಳಿದುಕೊಂಡೆ.

ಕಾಫಿ ಕೊಟ್ಟೆ. ಕುಡಿಯುತ್ತಾ ಗೊಂಬೆ ನೋಡುತ್ತಿದ್ದವರು ಕೊನೆಯ ಮೆಟ್ಟಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಚೀಟಿ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕ, ಈ ಬಿಲ್ಲು ನಂದು" ಎಂದರು.

ನಾನು ನಕ್ಕೆ, ತಮಾಷೆ ಎಂದುಕೊಂಡು. ಅವರು ನಗಲಿಲ್ಲ. "ಹಿಡಿ ಹತ್ರ ಸೈಕಲ್ ಟ್ಯೂಬು ಸುತ್ತಿದೆಯಲ್ಲ, ಅದನ್ನ ಸರಿಸಿ ನೋಡಿ, ಒಳಗೆ ಒಂದು ಸೀಳಿದೆ. ಬಗ್ಗಿಸೋವಾಗ ಸೀಳ್ತು. ಮುಚ್ಚೋಕೇಂತ್ಲೇ ಟ್ಯೂಬು ಸುತ್ತಿದ್ದು" ಎಂದರು. ರಬ್ಬರು ಒಣಗಿ ಬಿರಿದಿತ್ತು. ನಾನು ಉಗುರಿನಿಂದ ಮೆಲ್ಲಗೆ ಸರಿಸಿದೆ. ಸೀಳಿತ್ತು.

ಆಮೇಲೆ ಅವರೇ ಹೇಳಿದರು. ಹೊಳೆಯ ದಂಡೆಯಿಂದ ಬಿದಿರು ಕಡಿದದ್ದು, ಮದುವೆ ಚಪ್ಪರದ ಬೇಗಡೆ ಕಾಗದ ಆರಿಸಿ ತಂದದ್ದು. ಒಂದು ಭಾನುವಾರ ಬಿಲ್ಲನ್ನು ಜಗಲಿಯ ಮೇಲೆ ಒರಗಿಸಿ ಕಿಟಕಿಗೆ ಮುಖವಿಟ್ಟು ರಾಮಾಯಣ ನೋಡಿದ್ದಾರೆ. ಮುಗಿಯುವಷ್ಟರಲ್ಲಿ ಬಿಲ್ಲು ನಮ್ಮ ತಮ್ಮನ ಕೈಯಲ್ಲಿತ್ತು. ಅವನು ಕೊಡಲು ಒಪ್ಪದೆ ಹೊರಳಾಡಿ ಅತ್ತ. ನಮ್ಮ ಅಮ್ಮ ಹಿತ್ತಿಲಿಗೆ ಹೋಗಿ ಅವರ ತಾಯಿಗೆ ತಮ್ಮನದೊಂದು ಹಳೆಯ ಅಂಗಿ ಕೊಟ್ಟು ಮಾತು ಮುಗಿಸಿದರು.

"ಅಂಗಿ ಚೆನ್ನಾಗಿತ್ತು ಅಕ್ಕ, ಎರಡು ವರ್ಷ ಹಾಕ್ಕೊಂಡೆ" ಎಂದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಬಿಲ್ಲನ್ನು ತೆಗೆದುಕೊಂಡು ಹೋಗಿ ಎಂದೆ. "ಬಾಡಿಗೆ ಮನೆ, ಎಲ್ಲಿಡೋದು? ಇಲ್ಲೇ ಇರ್ಲಿ. ಬರೆದಿರೋದನ್ನ ಮಾತ್ರ ತಿದ್ದಿ" ಎಂದರು. ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟುವಾಗ ಏನೋ ನೆನಪಾಗಿ ನಕ್ಕರು: "ಆ ಕಿಟಕಿಯಿಂದ ಟೀವಿ ಓರೆಯಾಗಿ ಕಾಣ್ತಿತ್ತು ಅಕ್ಕ. ರಾವಣನ ಹತ್ತು ತಲೇಲಿ ಆರೇ ಕಾಣ್ತಿದ್ವು. ಉಳಿದ ನಾಲ್ಕು ನೋಡಿದ್ದು ಲಾಕ್‌ಡೌನ್‌ನಲ್ಲಿ, ಮತ್ತೆ ಹಾಕಿದ್ರಲ್ಲ, ಆವಾಗ."

2020ರ ಮಾರ್ಚ್‌ನಲ್ಲಿ ರಾಮಾಯಣದ ಮರುಪ್ರಸಾರವಾದಾಗ ನಮ್ಮ ಮನೆಯಲ್ಲೂ ನೋಡಿದ್ದೆವು. ಮೂವತ್ತಮೂರು ವರ್ಷದ ಹಿಂದೆ ಇಡೀ ಬೀದಿ ಒಂದೇ ಮನೆಯವರಂತೆ ಕೂತು ನೋಡಿದೆವಲ್ಲ ಎಂದು ನಾನೇ ಎಲ್ಲರಿಗೂ ಫೋನು ಮಾಡಿ ಹೇಳಿದ್ದೆ.

ಆ ರಾತ್ರಿ ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನು ಮಾಡಿದೆ. ಅವನು ಒಪ್ಪಲಿಲ್ಲ. ಬಿದಿರು ಕಡಿದದ್ದು, ಕೈಗೆ ಸಿಬಿರು ಚುಚ್ಚಿದ್ದು, ಅಮ್ಮ ಅದನ್ನು ಸೂಜಿಯಿಂದ ತೆಗೆದದ್ದು ಎಲ್ಲವನ್ನೂ ವಿವರವಾಗಿ ಹೇಳಿದ. ಅವನು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಗೊತ್ತು. ಅವನಿಗೆ ಹಾಗೆಯೇ ನೆನಪಿದೆ. ಟ್ಯೂಬಿನ ಕೆಳಗೆ ಏನಿದೆ ಎಂದು ಕೇಳಿದೆ. "ಏನಿರುತ್ತೆ? ಬಿದಿರು" ಎಂದ. ಚೀಟಿ ತಿದ್ದುತ್ತೇನೆಂದೆ. "ಯಾರೋ ಬಂದು ಏನೋ ಹೇಳಿದರೆ ನಂಬಿಬಿಡ್ತೀಯಲ್ಲ" ಎಂದು ಫೋನು ಇಟ್ಟ. ಮುಂದಿನ ವರ್ಷ ಅವನು ಗೊಂಬೆಗೆ ಬರಲಿಲ್ಲ. ಬೇರೆ ಕೆಲಸವಿತ್ತಂತೆ, ಇದ್ದರೂ ಇರಬಹುದು.

ಆ ಒಂದು ಚೀಟಿ ತಿದ್ದಿದ ಮೇಲೆ ಉಳಿದವುಗಳ ಮೇಲೂ ನನಗೆ ನಂಬಿಕೆ ಹೋಯಿತು. ಒಂದು ಮನೆಯ ಅಟ್ಟದಲ್ಲಿ ಸಿಕ್ಕಿದ್ದೆಲ್ಲ ಆ ಮನೆಯದೇ ಆಗಿರಬೇಕಿಲ್ಲ. ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ ಮತ್ತೆ ಹೋಗಿ, ಕೊಂಡದ್ದೋ, ಯಾರಾದರೂ ಮಾಡಿಕೊಟ್ಟದ್ದೋ, ಕಸಿದುಕೊಂಡದ್ದೋ ಎಂದು ಕೇಳಿದೆ. ಕೆಲವರು ಯೋಚನೆ ಮಾಡಿ ಹೇಳಿದರು. ಕೆಲವರು, "ನಿಮಗೇಕೆ ಈ ಉಸಾಬರಿ?" ಎಂದರು. ಬೆಂಗಳೂರಿನ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಇಡೀ ಮೆಟ್ಟಿಲನ್ನೇ ಕೊಳ್ಳುತ್ತೇನೆಂದರು. ಚೀಟಿಗಳು ಅವರಿಗೆ ಬೇಕಿರಲಿಲ್ಲ. ನಾನು ಕೊಡಲಿಲ್ಲ.

ಮರುವರ್ಷದ ನವರಾತ್ರಿಗೆ ಅವರು ಮಗಳನ್ನೂ ತಾಯಿಯನ್ನೂ ಕರೆದುಕೊಂಡು ಬಂದರು. ಮಗಳು ಚೀಟಿಯಲ್ಲಿದ್ದ ಅಪ್ಪನ ಹೆಸರನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ತಾಯಿ ಬಾಗಿಲಲ್ಲೇ ನಿಂತಿದ್ದರು. ಕೈಹಿಡಿದು ಒಳಗೆ ಕರೆದು ಕುರ್ಚಿಯ ಮೇಲೆ ಕೂರಿಸಿದೆ. ನೀಲಿ ಹಾಳೆ, ಟೀವಿಯ ಗುಂಡಿ, ಕ್ಯಾಲೆಂಡರಿನ ರಾಮ ಸೀತೆ, ಎಲ್ಲವನ್ನೂ ತೋರಿಸಿ, "ನಿಮಗೂ ನೆನಪಿದೆಯಲ್ಲ, ಭಾನುವಾರದ ರಾಮಾಯಣ?" ಎಂದು ಕೇಳಿದೆ.

"ನಾನೆಲ್ಲಿ ನೋಡ್ದೆ ಕಣವ್ವಾ?" ಎಂದರು. "ಆ ಹೊತ್ಗೆ ನಾನು ಹಿತ್ಲಲ್ಲಿ ಪಾತ್ರೆ ಬೆಳಗ್ತಿದ್ದೆ. ಶಬ್ದ ಕೇಳಿಸ್ತಿತ್ತು. ಉಪ್ಪಿಟ್ಟಿನ ಬಾಣ್ಲೆ ತಳ ಹಿಡಿದಿರೋದು, ಬೇಗ ಬಿಡ್ತಿರ್ಲಿಲ್ಲ."

ಬೇಗ ಆಗುತ್ತದೆಂದು ಅಮ್ಮ ಮಾಡುತ್ತಿದ್ದ ಉಪ್ಪಿಟ್ಟು ಅದು. ಆ ಬಾಣಲೆ ನನ್ನ ಹತ್ತಿರವೇ ಇದೆ, ಪಾತ್ರೆಗಳನ್ನು ಹಂಚಿಕೊಂಡಾಗ ನನ್ನ ಪಾಲಿಗೆ ಬಂದದ್ದು. ಈ ಸಲದ ನವರಾತ್ರಿಗೆ ಅದನ್ನೂ ಕೊನೆಯ ಮೆಟ್ಟಿಲ ಮೇಲೆ ಇಡಬೇಕೆಂದಿದ್ದೇನೆ. ಚೀಟಿಯಲ್ಲಿ ಏನು ಬರೆಯಬೇಕೆಂದು ಅವರನ್ನೇ ಕೇಳಿಕೊಂಡು ಬರಬೇಕು.